ಒಂದೇ ಕೈಯಲ್ಲಿ ಒಂದು ಮಾರು ಹೂ

ಹಡಗಲಿಯ ಬಸವಣ್ಣನ ಗುಡಿಯ ಮುಂದೆ ಕಲ್ಲುಕಟ್ಟೆಯ ಉದ್ದಕ್ಕೂ ಏಳು ಮಂದಿ ಹೂವಿನವರು ಕೂಡುತ್ತಾರೆ. ಏಳೂ ಬುಟ್ಟಿಗಳಲ್ಲಿ ಅದೇ ಮಲ್ಲಿಗೆ, ಅದೇ ಬಾಳೆನಾರು, ಅದೇ ಬೆಲೆ. ಆದರೂ ಮುಂಜಾನೆ ಬಂದವರ ಕಣ್ಣು ಮೊದಲು ಹೋಗುತ್ತಿದ್ದುದು ಮೂರನೆಯ ಬುಟ್ಟಿಯ ಕಡೆಗೆ. ಅಲ್ಲಿ ನೀಲಗಂಗಮ್ಮ ಕೂತಿದ್ದರೆ ಉಳಿದವರು ತಮ್ಮ ಸರದಿಗಾಗಿ ಸ್ವಲ್ಪ ಹೊತ್ತು ಕಾಯಬೇಕಾಗುತ್ತಿತ್ತು.

ಕಾರಣ ದೊಡ್ಡದೇನಲ್ಲ, ಆಕೆಯ ತೋಳು. ಎರಡು ಕೈಗಳನ್ನೂ ಅಗಲಿಸಿ ಈ ತುದಿಯಿಂದ ಆ ತುದಿಗೆ ಹೂ ಎಳೆದರೆ ಒಂದು ಮಾರು. ಕೈಯೇ ಅಳತೆಗೋಲಾದ ಮೇಲೆ ಗಿಡ್ಡ ಕೈಯವರ ಮಾರು ಗಿಡ್ಡ, ಉದ್ದ ಕೈಯವರ ಮಾರು ಉದ್ದ. ನೀಲಗಂಗಮ್ಮ ಗಂಡಸರ ಎತ್ತರದ ಹೆಂಗಸು. ಪಕ್ಕದಲ್ಲಿ ಕೂಡುವ ಮೈಲಮ್ಮನ ಮಾರಿಗಿಂತ ಆಕೆಯ ಮಾರಿನಲ್ಲಿ ಗೇಣು ಹೂ ಹೆಚ್ಚು. "ನಮ್ಮವ್ವ ನನಗ ಹೊಲ ಕೊಡಲಿಲ್ಲ, ಬಂಗಾರ ಕೊಡಲಿಲ್ಲ, ತೋಳು ಕೊಟ್ಟು ಕಳಿಸಿದ್ಲು" ಎಂದು ಆಕೆ ನಗುತ್ತಿದ್ದಳು. ಅದಕ್ಕೆ ಮೈಲಮ್ಮ, "ನಮ್ಮವ್ವ ನಾಲಿಗಿ ಕೊಟ್ಟಾಳ ಬಿಡು, ಅದನ್ನ ಅಳಿಯಾಕ ಯಾವ ಮಾರೂ ಸಾಲಂಗಿಲ್ಲ" ಎನ್ನುತ್ತಿದ್ದಳು.

ನೀಲಗಂಗಮ್ಮನಿಗೆ ಐವತ್ತಾರು. ಮದುವೆಯಾಗಿ ಬಂದ ವರ್ಷದಿಂದ ಅದೇ ಜಾಗ. ಗಂಡ ತೀರಿಹೋದ ಮೇಲೂ ಮೂರೇ ವಾರಕ್ಕೆ ಬಂದು ಅಲ್ಲೇ ಕೂತಳು. ಮಗ ಗಂಗಾಧರನನ್ನು ಐ.ಟಿ.ಐ. ಓದಿಸಿದ್ದು, ಮನೆಗೆ ಶೀಟು ಹಾಕಿಸಿದ್ದು, ಕೊಟ್ಟೂರಿನಿಂದ ಸೊಸೆ ತಂದದ್ದು, ಎಲ್ಲವೂ ಆ ಮೂರಡಿ ಕಲ್ಲಿನ ಮೇಲೆ ಕೂತೇ. ತಾನು ಹೂ ಮುಡಿಯುವುದನ್ನು ಬಿಟ್ಟು ಹದಿನೆಂಟು ವರ್ಷವಾಗಿದ್ದರೂ ಆಕೆಯ ಬೆರಳುಗಳು ಮಲ್ಲಿಗೆಯ ವಾಸನೆಯನ್ನು ಒಂದು ದಿನವೂ ಬಿಟ್ಟಿರಲಿಲ್ಲ.

ಈ ವರ್ಷ ಯುಗಾದಿ ಕಳೆದು ಹತ್ತು ಹನ್ನೊಂದು ದಿನವಾಗಿರಬೇಕು. ಹೂ ಕಟ್ಟುತ್ತ ಕೂತಿದ್ದಾಗ ಎಡಗೈಯೊಳಗಿನ ಮೊಗ್ಗುಗಳು ಒಂದೊಂದಾಗಿ ಮಡಿಲಿಗೆ ಉದುರತೊಡಗಿದವು. ಆಕೆಗೆ ಅದು ಗೊತ್ತೇ ಆಗಲಿಲ್ಲ. ಬಲಗೈ ಮಾತ್ರ ಖಾಲಿ ಗಾಳಿಗೆ ನಾರು ಸುತ್ತುತ್ತಿತ್ತು.

"ಗಂಗಕ್ಕ, ಹೂ ಚೆಲ್ಲಾಕತ್ಯಾವ ನೋಡು" ಎಂದಳು ಮೈಲಮ್ಮ. ತಿರುಗಿ ನೋಡಿದರೆ ಬಾಯಿ ಒಂದು ಕಡೆಗೆ ಎಳೆದಿತ್ತು.

ಲಕ್ವ ಹೊಡೆದಿತ್ತು. ಬೇಗ ಆಸ್ಪತ್ರೆ ಮುಟ್ಟಿಸಿದ್ದರಿಂದ ಜೀವ ಉಳಿಯಿತು. ಇಪ್ಪತ್ತು ದಿನಕ್ಕೆ ಮಾತು ಸರಿಯಾಯಿತು, ಎರಡು ತಿಂಗಳಿಗೆ ಕಾಲು ಎಳೆದುಕೊಂಡು ನಡೆಯುವಷ್ಟಾಯಿತು. ಎಡಗೈ ಮಾತ್ರ ಬರಲಿಲ್ಲ. ಯಾರದೋ ಕೈಯನ್ನು ತಂದು ಮಡಿಲಲ್ಲಿ ಇಟ್ಟಂತೆ ಅದು ಅಲ್ಲಿ ಇರುತ್ತಿತ್ತು. ವ್ಯಾಯಾಮ ಮಾಡಿಸುತ್ತಿರಿ, ಬಂದರೆ ನಿಧಾನಕ್ಕೆ ಬಂದೀತು, ಇಷ್ಟೇ ದಿನ ಅಂತ ಹೇಳಲಾಗದು ಎಂದರು ಡಾಕ್ಟರು.

ಹೂವಿನ ಸಾಲಿಗೆ ಒಂದು ಕಟ್ಟುಪಾಡಿದೆ. ಬಾಣಂತನಕ್ಕೆ ಹೋದವರ, ಕಾಯಿಲೆ ಬಿದ್ದವರ ಜಾಗದಲ್ಲಿ ಅವರ ಗೋಣಿತಾಟು ಹಾಸಿ ಮೇಲೊಂದು ಕಲ್ಲಿಡಬೇಕು. ಕಲ್ಲು ಇರುವ ತನಕ ಅಲ್ಲಿ ಬೇರೆ ಯಾರೂ ಕೂಡುವಂತಿಲ್ಲ. ಮೈಲಮ್ಮ ಹೊಳೆಯಿಂದ ತಂದ ಒಂದು ನುಣುಪು ಕಲ್ಲನ್ನು ನೀಲಗಂಗಮ್ಮನ ತಾಟಿನ ಮೇಲೆ ಇಟ್ಟಿದ್ದಳು. ದಿನಾ ಬೆಳಿಗ್ಗೆ ತನ್ನ ಜಾಗ ಗುಡಿಸುವಾಗ ಅದನ್ನೂ ಎತ್ತಿ, ಗುಡಿಸಿ, ಮತ್ತೆ ಇಡುತ್ತಿದ್ದಳು.

ಆದರೆ ಕಲ್ಲಿಗೂ ಒಂದು ಗಡುವು ಇರುತ್ತದೆ. ಮಳೆಗಾಲ ಹತ್ತಿರವಾದಾಗ ಬೊಮ್ಮಪ್ಪ ಎಂಬಾತ ಆ ಜಾಗದಲ್ಲಿ ಕಾಯಿ ಕರ್ಪೂರ ಇಟ್ಟುಕೊಳ್ಳುತ್ತೇನೆಂದು ಕೇಳಿದ. ಸಾಲಿನ ನ್ಯಾಯ ಹೇಳುವವನು ಎದುರು ಅಂಗಡಿಯ ಮುದುಕ ಪಾಲಾಕ್ಷಪ್ಪ. ಆತ ಹೇಳಿದ್ದನ್ನು ಮೈಲಮ್ಮ ಸಂಜೆ ಬಂದು ಹಾಗೇ ಒಪ್ಪಿಸಿದಳು:

"ಶ್ರಾವಣದ ಮೊದಲನೇ ಸೋಮವಾರದ ತನಕ ನೋಡ್ತೀವಿ. ಅವತ್ತು ಆಯಮ್ಮ ಬಂದು ಕೂತ್ರ ಜಾಗ ಆಕಿದು. ಇಲ್ಲಂದ್ರ ಬೊಮ್ಮಪ್ಪಂದು. ಹಿಂಗಂದಾನ ಗಂಗಕ್ಕ."

"ಕೂಡಾಕ ಏನು, ಕೂಡ್ತೀನಿ. ಕುಂಡಿಗೇನು ಲಕ್ವ ಹೊಡದಿಲ್ಲ" ಎಂದಳು ನೀಲಗಂಗಮ್ಮ.

"ಕೂತು ಏನ್ ಮಾಡ್ತಿ? ಕಟ್ಟೆ ಮ್ಯಾಲೆ ಹೂ ಮಾರೋರು ತಾವೇ ಕಟ್ಟಬೇಕು. ಕಟ್ಟಿದ್ದನ್ನ ಕೊಂಡು ತಂದು ಮಾರೋರು ಕೆಳಗ ಕೂಡಬೇಕು. ನೀನೇ ಹಾಕಿದ ಕಾಯ್ದೆ ಅದು, ಮರತಿ ಏನು?"

ಮರೆತಿರಲಿಲ್ಲ. ಹತ್ತು ವರ್ಷದ ಹಿಂದೆ ಯಾರೋ ಪೇಟೆಯಿಂದ ಬಾಡಿದ ಮಾಲೆ ತಂದು ಕಟ್ಟೆಯ ಮೇಲೆ ಮಾರಲು ಬಂದಾಗ ಆಕೆಯೇ ಜಗಳ ತೆಗೆದು ಆ ನಿಯಮ ಮಾಡಿಸಿದ್ದಳು. ಈಗ ಅದು ಆಕೆಗೇ ತಿರುಗಿ ಕೂತಿತ್ತು. ಕಟ್ಟೆಗೆ ಮರಳಬೇಕಾದರೆ ಒಂದು ಕೈಯಲ್ಲಿ ಹೂ ಕಟ್ಟಬೇಕು. ಉಳಿದದ್ದು ಏಳು ವಾರ.

ಮೊದಲು ಕೆಲಸಕ್ಕೆ ಇಳಿದವನು ಗಂಗಾಧರ. ಅವನು ಹಗರಿಬೊಮ್ಮನಹಳ್ಳಿಯಲ್ಲಿ ಪಂಪ್‌ಸೆಟ್ ಮೋಟರು ರಿಪೇರಿಯ ಅಂಗಡಿಯಲ್ಲಿ ದುಡಿಯುತ್ತಾನೆ. ದಿನಾ ಬೆಳಿಗ್ಗೆ ಬಸ್ಸಿನಲ್ಲಿ ಹೋಗಿ, ಸುಟ್ಟ ತಂತಿ ಕಿತ್ತು ಹೊಸ ತಂತಿ ಸುತ್ತಿ, ಸಂಜೆ ಬರುತ್ತಾನೆ. ಹನ್ನೆರಡು ವರ್ಷ ಅದನ್ನೇ ಮಾಡಿದವನ ತಲೆ ಹೇಗೆ ಓಡಬೇಕೋ ಹಾಗೆ ಓಡಿತು. ಯಾವ ಭಾಗ ಕೆಟ್ಟಿದೆ? ಎಡಗೈ. ಹಾಗಾದರೆ ಅದರ ಜಾಗಕ್ಕೆ ಇನ್ನೊಂದು ಕೈ ಕೂಡಿಸಬೇಕು.

ಹಳೆಯ ಟೇಬಲ್ ಫ್ಯಾನಿನ ಕಾಲಿಗೆ ಕಬ್ಬಿಣದ ಸರಳು ಬೆಸೆದು, ಅದರ ತುದಿಗೆ ಬಟ್ಟೆ ಒಣಗಿಸುವ ಎರಡು ಕ್ಲಿಪ್ಪು ಸಿಕ್ಕಿಸಿ ತಂದ.

"ಯವ್ವಾ, ಇದನ್ನ ನಿನ್ನ ಎಡಗೈ ಅನ್ಕಾ."

"ನನ್ನ ಎಡಗೈಗೆ ತುಕ್ಕು ಹಿಡಿದಿರಲಿಲ್ಲಪ್ಪ."

ಮರುದಿನ ಬಣ್ಣ ಬಳಿದು ತಂದ. ಕ್ಲಿಪ್ಪು ಮೊಗ್ಗನ್ನು ಹಿಡಿಯಿತು, ಹಿಡಿದ ಕೂಡಲೇ ಅದರ ಕತ್ತು ಮುರಿಯಿತು. ಸ್ಪಂಜು ಸುತ್ತಿ ತಂದರೆ ಮೊಗ್ಗು ಜಾರಿ ಬಿತ್ತು. ನಾಲ್ಕನೆಯ ಸಲ ಕ್ಲಿಪ್ಪಿಗೆ ಮೆತ್ತನೆಯ ನೀಲಿ ರಬ್ಬರು ಅಂಟಿಸಿದ್ದ. ಅದು ಚೆನ್ನಾಗಿಯೇ ಹಿಡಿಯಿತು. ನೀಲಗಂಗಮ್ಮ ಆ ರಬ್ಬರನ್ನು ಬೆರಳಲ್ಲಿ ಮುಟ್ಟಿ, ಮೂಸಿ ನೋಡಿದಳು.

"ಎಲ್ಲೀದಲೇ ಇದು?"

"ಹಳೇ ಹವಾಯಿ ಚಪ್ಪಲಿದು. ತೊಳದೀನಿ ಬೇ."

"ದೇವರ ಹೂವು ಚಪ್ಪಲೀಲಿ ಹಿಡಿಸ್ತಿ ಏನಲೇ ಮುಠ್ಠಾಳ? ತಗೊಂಡ್ ಹೋಗು ಅತ್ಲಾಗ!"

ಗಂಗಾಧರನಿಗೆ ಸಿಟ್ಟು ಬಂತು. ಊಟ ಮಾಡದೆ ಮಲಗಿದ. ಬೆಳಿಗ್ಗೆ ಎದ್ದು ಬಸ್ಸಿಗೆ ಹೋಗುವ ಮುನ್ನ ರಬ್ಬರು ಕಿತ್ತು ಹಾಕಿದ್ದ.

ಸೊಸೆ ಸುಮಲತಾಳ ದಾರಿ ಬೇರೆ. ಅವಳ ಅಪ್ಪನಿಗೆ ಕೊಟ್ಟೂರಿನಲ್ಲಿ ಮಿರ್ಚಿ ಭಜಿಯ ಬಂಡಿ ಇತ್ತು. ಹಿಟ್ಟು ಕಲಸುವುದು ಯಾವಾಗ, ಎಣ್ಣೆ ಕಾಯಿಸುವುದು ಯಾವಾಗ, ಮೆಣಸಿನಕಾಯಿ ಸೀಳುವುದು ಯಾವಾಗ ಎಂದು ಎಂಟು ವರ್ಷದ ಹುಡುಗಿಯಾಗಿದ್ದಾಗಲೇ ಅವಳು ಸಾಲಾಗಿ ಹೇಳುತ್ತಿದ್ದಳಂತೆ. ಯಾವ ಕೆಲಸವನ್ನಾದರೂ ಮೆಟ್ಟಿಲು ಮೆಟ್ಟಿಲಾಗಿ ಬಿಡಿಸಿ ಇಡುವ ತಲೆ ಅವಳದು. ಹತ್ತು ತಿಂಗಳ ಕೂಸು ಪಂಪಿಯ ಹಾಲು, ನಿದ್ದೆ, ಜ್ವರದ ಔಷಧ ಎಲ್ಲ ಗೋಡೆಯ ಕ್ಯಾಲೆಂಡರಿನ ಮೇಲಿತ್ತು. ಅವಳು ಮೈಲಮ್ಮನನ್ನು ಕರೆಸಿ ಹೂ ಕಟ್ಟಿಸಿ, ಅದನ್ನು ಮೊಬೈಲಿನಲ್ಲಿ ಹಿಡಿದುಕೊಂಡು, ನಿಧಾನ ಮಾಡಿ ಮಾಡಿ ನೋಡಿದಳು. ನಡುವೆ ಸಂದೇಹ ಬಂದಾಗ ಅತ್ತೆಯನ್ನು ಕೇಳಿದಳು.

"ಅತ್ತಿ, ನಾರು ಮೊದಲು ಯಾವ ಬೆರಳಿಗೆ ತಗೋತಿದ್ರಿ? ಹೆಬ್ಬೆಟ್ಟಿಗೋ, ತೋರುಬೆರಳಿಗೋ?"

"ಯಾವುದಕ್ಕಂದ್ರ... ತಗೋತಿದ್ನವ್ವ."

"ಅದ ಯಾವುದಕ್ಕ?"

ನೀಲಗಂಗಮ್ಮ ಬಲಗೈ ಎತ್ತಿ ಗಾಳಿಯಲ್ಲಿ ನಾರು ಹಿಡಿಯಲು ಹೋದಳು. ಬೆರಳು ಅರ್ಧಕ್ಕೇ ನಿಂತವು. ಕತ್ತಲಲ್ಲಿ, ಜಗಳದ ನಡುವೆ, ತೂಕಡಿಸುತ್ತ ಕೂಡ ಕಟ್ಟುತ್ತಿದ್ದ ಕೈ, ಹೇಗೆ ಎಂದು ಕೇಳಿದ ಕೂಡಲೇ ದಾರಿ ತಪ್ಪಿದ ಆಕಳಿನ ಹಾಗೆ ನಿಂತುಬಿಟ್ಟಿತು.

"ನೀ ಕೇಳಿದ ಮ್ಯಾಲೆ ಇದ್ದದ್ದೂ ಮರತು ಹೋತು ನೋಡು" ಎಂದಳು. ನಗುತ್ತಲೇ ಹೇಳಿದಳು, ಆದರೆ ಆಮೇಲೆ ಸ್ವಲ್ಪ ಹೊತ್ತು ಹೊರಗೆ ಹೋಗಿ ಕೂತಳು. ಗೊತ್ತಿರುವುದೆಲ್ಲ ಕೈಯಲ್ಲಿತ್ತು. ಅರ್ಧ ಕೈ ಹೋದ ಮೇಲೆ ಅರ್ಧ ತಿಳಿವಳಿಕೆಯೂ ಹೋಯಿತೇನೋ ಎಂಬ ಹೆದರಿಕೆ ಆಕೆಗೆ ಮೊದಲ ಸಲ ಬಂದದ್ದು ಆ ಮಧ್ಯಾಹ್ನ.

ಸುಮಲತಾ ಕ್ಯಾಲೆಂಡರಿನ ಹಿಂಬದಿಗೆ ಬರೆದಳು. ಎಡಗೈ ಮಾಡುವುದು ನಾಲ್ಕೇ ಕೆಲಸ: ಹಿಡಿಯುವುದು, ಒತ್ತುವುದು, ತಿರುಗಿಸುವುದು, ಬಿಡುವುದು. ಹೂವನ್ನು ಸೂಜಿಗೆ ಪೋಣಿಸಿದರೆ ಈ ನಾಲ್ಕೂ ಬೇಡ. ಒಂದು ಮಣೆಗೆ ಉದ್ದನೆಯ ಸೂಜಿಯನ್ನು ನೆಟ್ಟಗೆ ನಿಲ್ಲಿಸಿ ಕೊಟ್ಟಳು. ಮೊಗ್ಗನ್ನು ಮೇಲಿಂದ ಚುಚ್ಚುತ್ತ ಹೋದರೆ ಸಾಕು. ನೀಲಗಂಗಮ್ಮ ಒಂದು ಗಂಟೆಯಲ್ಲಿ ಎರಡು ಮೊಳ ಪೋಣಿಸಿದಳು. ಮನೆಯಲ್ಲಿ ಹಬ್ಬದಂತಾಯಿತು. ಮಧ್ಯಾಹ್ನದ ಹೊತ್ತಿಗೆ ಚುಚ್ಚಿದ ಕಡೆಯೆಲ್ಲ ಮೊಗ್ಗು ಕಂದಿ, ಸಂಜೆಗೆ ಮಾಲೆ ಚಹಾ ಸೋಸಿದ ಬಟ್ಟೆಯ ಬಣ್ಣಕ್ಕೆ ಬಂತು.

"ಸೇವಂತಿಗಿಗೆ ಆದೀತು. ಮಲ್ಲಿಗಿ ಸೂಜಿ ತಡಿಯಂಗಿಲ್ಲ" ಎಂದು ನೀಲಗಂಗಮ್ಮ ಅದನ್ನು ಪಕ್ಕಕ್ಕಿಟ್ಟಳು.

ಮೈಲಮ್ಮನ ಸಲಹೆ ಎಲ್ಲಕ್ಕಿಂತ ಸಲೀಸು. "ಕಾಲ್ಬೆರಳ ಸಂದ್ಯಾಗ ಹೂ ಹಿಡ್ಕೊ. ತೊಟ್ಲ ಹಗ್ಗ ಕಾಲಿಗೆ ಕಟ್ಕೊಂಡು ತೂಗ್ತಿ, ಅದಕ್ಕೇನೂ ಇಲ್ಲ, ಇದಕ್ಯಾಕ ಇಷ್ಟು?"

"ಕಾಲು ತಾಕಿಸಿದ ಹೂ ಮಾರ್ಲೇನು?"

"ಯಾರು ನೋಡ್ತಾರ, ಮನ್ಯಾಗ ಕೂತು ಕಟ್ಟಿದ್ರ?"

"ನಾ ನೋಡ್ತೀನಲ್ಲ. ಯಾವ ಮಾರು ಮುಡಿಗಿ ಹೋಗ್ತೈತೋ, ಯಾವುದು ಬಸವಣ್ಣನ ಕೊಳ್ಳಿಗಿ ಹೋಗ್ತೈತೋ ಯಾರಿಗ್ ಗೊತ್ತು?" ಹೂವಿನ ಬುಟ್ಟಿ ದಾಟಬಾರದು, ಕಾಲು ತಾಕಿಸಬಾರದು, ಬಾಯಲ್ಲಿ ನಾರು ಕಚ್ಚಬಾರದು. ಇವು ಆಕೆಯ ಅವ್ವ ಹೇಳಿಕೊಟ್ಟವು. ಹೀಗೆ ಕಾಲೂ ಹೋಯಿತು, ಬಾಯೂ ಹೋಯಿತು. ಉಳಿದದ್ದು ಒಂದೇ ಕೈ, ಮೂರು ವಾರ.

ಆಕೆ ಈ ಬಗ್ಗೆ ಯೋಚಿಸುವುದನ್ನು ಬಿಟ್ಟಳು. ಬಿಟ್ಟಳೆಂದರೆ, ಕೂತು ಯೋಚಿಸುವುದನ್ನು ಬಿಟ್ಟಳು. ಒಂದೇ ಕೈಯಲ್ಲಿ ಅವರೆಕಾಯಿ ಸುಲಿದಳು, ಅಕ್ಕಿ ಆರಿಸಿದಳು, ಕೂಸನ್ನು ಮಡಿಲಲ್ಲಿಟ್ಟುಕೊಂಡು ಆಡಿಸಿದಳು. ಮಗ ಸೊಸೆ ಇಬ್ಬರೂ ಅಂದುಕೊಂಡರು, ಪಾಪ, ಅವ್ವ ಕೈಚೆಲ್ಲಿದಳು.

ಒಂದು ಸೋಮವಾರ ಬೆಳಿಗ್ಗೆ ಪಂಪಿ ಅಜ್ಜಿಯ ಮಡಿಲಲ್ಲಿ ಕೂತಿತ್ತು. ಎರಡು ಕೈಯಲ್ಲಿ ಎರಡು ಬಿಸ್ಕತ್ತು. ಎದುರಿಗೆ ಚಮಚ ಕಂಡಿತು, ಅದೂ ಬೇಕಾಯಿತು. ಕೂಸು ಒಂದು ಗಳಿಗೆ ಎರಡೂ ಕೈ ನೋಡಿಕೊಂಡಿತು. ಆಮೇಲೆ ಒಂದು ಬಿಸ್ಕತ್ತನ್ನು ಅಜ್ಜಿಯ ಸೀರೆಯ ನೆರಿಗೆಯೊಳಗೆ ತುರುಕಿ, ಅದು ಬೀಳುವುದಿಲ್ಲವೆಂದು ನೋಡಿ, ಖಾಲಿಯಾದ ಕೈಯಿಂದ ಚಮಚ ತೆಗೆದುಕೊಂಡಿತು.

ನೀಲಗಂಗಮ್ಮ ನಗುತ್ತ ತಲೆ ಎತ್ತಿದಳು. ಎದುರಿಗೆ ದೇವರ ಗೂಡು. ಸುಮಲತಾ ಆಗಷ್ಟೇ ಪೂಜೆ ಮುಗಿಸಿ ಎರಡು ಊದಿನಕಡ್ಡಿಗಳನ್ನು ಬಾಳೆಹಣ್ಣಿಗೆ ಚುಚ್ಚಿ ನಿಲ್ಲಿಸಿದ್ದಳು. ಹುಟ್ಟಿದಾಗಿನಿಂದ ನೋಡಿದ್ದೇ. ಯಾರೂ ಹಿಡಿದುಕೊಂಡಿಲ್ಲ, ಕಡ್ಡಿ ನಿಂತಿದೆ.

ಆಕೆ ನೋಡಿದಳು. ಕೂಸಿನ ಬಿಸ್ಕತ್ತನ್ನು ನೋಡಿದಳು. ಮತ್ತೆ ಕಡ್ಡಿಯನ್ನು ನೋಡಿದಳು.

"ಸುಮಾ, ಒಂದು ತುಂಡು ಬಾಳಿದಿಂಡು ಬೇಕಿತ್ತಲ್ಲ."

"ಪಲ್ಯಕ್ಕೇನ್ರಿ ಅತ್ತಿ?"

"ಹೂವು ನೆಡಾಕ."

ಸುಮಲತಾ ಅತ್ತೆಯ ಬಾಯಿ ಮತ್ತೆ ವಾರೆಯಾಗಿದೆಯೋ ಎಂದು ಒಮ್ಮೆ ಹತ್ತಿರ ಬಂದು ನೋಡಿದಳು. ಆಮೇಲೆ ಹಿತ್ತಲ ಗಿಡದ ಪಕ್ಕದಲ್ಲಿ ಗೊನೆ ಕಡಿದು ಬಿದ್ದಿದ್ದ ಬಾಳೆಯ ಒಳತಿರುಳನ್ನು ಮೊಳದುದ್ದ ಕೊಯ್ದು ತಂದಳು.

ನೀಲಗಂಗಮ್ಮ ಅದರ ಬೆನ್ನಿನ ಮೇಲೆ ಚಾಕುವಿನಿಂದ ಉದ್ದಕ್ಕೆ ಒಂದು ಗೀರು ಎಳೆಸಿದಳು. ಆ ಗೀರಿನೊಳಗೆ ಮೊಗ್ಗುಗಳ ತೊಟ್ಟನ್ನು ಎರಡೆರಡಾಗಿ ಊರುತ್ತ ಹೋದಳು. ಹಸಿ ದಿಂಡು ಮೆತ್ತಗೆ ಕಚ್ಚಿಕೊಂಡಿತು, ಮುರಿಯಲಿಲ್ಲ. ಮೊಗ್ಗುಗಳು ನಾಟಿ ಮಾಡಿದ ಪೈರಿನ ಹಾಗೆ ಸಾಲಾಗಿ ನಿಂತವು. ನಾರಿನ ಒಂದು ತುದಿಯನ್ನು ಸುಮಲತಾಳ ಕೈಗೆ ಕೊಟ್ಟು ಬಿಗಿ ಹಿಡಿಯಲು ಹೇಳಿದಳು. ಇನ್ನೊಂದು ತುದಿಯನ್ನು ಬಲಗೈ ಬೆರಳಿನಲ್ಲಿ ತಿರುವಿ ಒಂದು ಕುಣಿಕೆ ಮಾಡಿ, ಮೊದಲ ಜೋಡಿಯ ತಲೆಯ ಮೇಲಿಂದ ಹಾಕಿ ಎಳೆದಳು. ಗಂಟು ತೊಟ್ಟಿಗೆ ಹೋಗಿ ಕೂತಿತು.

"ಏನ್ರಿ ಅತ್ತಿ ಇದು?"

"ಎತ್ತು ಕಟ್ಟೋ ಗೂಟಕ್ಕ ನಿಮ್ಮ ಮಾವ ಹಿಂಗ ಹಾಕ್ತಿದ್ದ. ಒಂದು ಕೈಯಾಗ ಎತ್ತು ಹಿಡಕೊಂಡು ಇನ್ನೊಂದು ಕೈಯಾಗ."

ಇಷ್ಟು ದಿನ ಎಲ್ಲರೂ ಹುಡುಕಿದ್ದು ಹೂ ಹಿಡಿಯುವ ಕೈಯನ್ನು. ಗಂಗಾಧರ ಕಬ್ಬಿಣದಲ್ಲಿ ಹುಡುಕಿದ, ಮೈಲಮ್ಮ ಕಾಲಿನಲ್ಲಿ ಹುಡುಕಿದಳು. ಹೂ ಹಿಡಿಸಿಕೊಳ್ಳದೆ ತಾನೇ ನಿಲ್ಲಬಹುದು ಎಂಬುದು ಮಾತ್ರ ಯಾರಿಗೂ ಹೊಳೆದಿರಲಿಲ್ಲ. ನೀಲಗಂಗಮ್ಮನನ್ನು ಕೇಳಿದ್ದರೆ ತನಗೂ ಹೊಳೆಯಲಿಲ್ಲ, ಕೂಸಿಗೆ ಹೊಳೆಯಿತು ಎನ್ನುತ್ತಿದ್ದಳು.

ಗೇಣುದ್ದ ಕಟ್ಟಿ ದಿಂಡಿನಿಂದ ಮೆಲ್ಲಗೆ ಎಬ್ಬಿಸಿದರೆ ಮಾಲೆ ಬಂತು. ಎಲ್ಲ ಮೊಗ್ಗುಗಳೂ ಒಂದೇ ಕಡೆ ಮುಖ ಮಾಡಿದ್ದವು. ನೋಡಲು ವಿಚಿತ್ರ, ಆದರೆ ಸುಮಲತಾ ಜಡೆಗೆ ಇಟ್ಟುಕೊಂಡು ನೋಡಿದರೆ ಮಾಲೆ ಹೊರಳದೆ ಚಪ್ಪಟೆಯಾಗಿ ಅಂಟಿ ಕೂತಿತು. ಇಬ್ಬರಿಗೂ ಖುಷಿಯಾಯಿತು. ಆ ಖುಷಿ ಎರಡು ಗಂಟೆ ಬಾಳಿತು. ಆಮೇಲೆ ನೋಡಿದರೆ ಪ್ರತಿಯೊಂದು ತೊಟ್ಟಿನ ತುದಿಯಲ್ಲೂ ಕಪ್ಪು. ದಿಂಡಿನ ಕರೆ ಹತ್ತಿತ್ತು.

"ಹೋಗ್ಲಿ ಬಿಡು" ಎಂದು ನೀಲಗಂಗಮ್ಮ ಗೋಡೆಗೆ ಒರಗಿದಳು. ಆಕೆಯ ಬುದ್ಧಿ ಜಿಗಿಯುವಷ್ಟು ಜಿಗಿದಿತ್ತು, ಇನ್ನು ಅದಕ್ಕೆ ಮುಂದೆ ದಾರಿ ಕಾಣಲಿಲ್ಲ. ಅಲ್ಲಿಂದ ಮುಂದಿನದು ಮೆಟ್ಟಿಲು ಹತ್ತುವ ತಲೆಯ ಕೆಲಸ. ಸುಮಲತಾ ಕರೆ ಹತ್ತಿದ ತೊಟ್ಟನ್ನು ಬೆಳಕಿಗೆ ಹಿಡಿದು ನೋಡಿದಳು.

"ಅತ್ತಿ, ನಮ್ಮಪ್ಪ ಬಾಳಿಕಾಯಿ ಭಜಿ ಮಾಡುವಾಗ ಹೆಚ್ಚಿದ ಕೂಡ್ಲೇ ಮಜ್ಜಿಗಿ ನೀರಿಗೆ ಹಾಕ್ತಿದ್ದ. ಇಲ್ಲಂದ್ರ ಕಪ್ಪಾಗ್ತೈತಿ ಅಂತ. ಇದೂ ಬಾಳಿನೇ ಅಲ್ಲೇನ್ರಿ?"

ಅವಳು ಒಂದೇ ಸಲಕ್ಕೆ ನಂಬಿ ಕೂಡುವವಳಲ್ಲ. ದಿಂಡನ್ನು ನಾಲ್ಕು ತುಂಡು ಮಾಡಿದಳು. ಒಂದು ಬರೀ ನೀರಿಗೆ, ಒಂದು ಉಪ್ಪು ನೀರಿಗೆ, ಒಂದು ಮಜ್ಜಿಗೆ ನೀರಿಗೆ ಹಾಕಿ, ಒಂದನ್ನು ಹಾಗೇ ಇಟ್ಟಳು. ಕ್ಯಾಲೆಂಡರಿನ ಮೇಲೆ ಗಂಟೆ ಬರೆದಳು. ಮಜ್ಜಿಗೆ ನೀರಿನಲ್ಲಿ ಒಂದು ರಾತ್ರಿ ಬಿದ್ದು, ಬೆಳಿಗ್ಗೆ ತೊಳೆದು ಒರೆಸಿದ ದಿಂಡು ಸಂಜೆಯವರೆಗೂ ಕರೆ ಬಿಡಲಿಲ್ಲ. ಸಾಲದ್ದಕ್ಕೆ ದಿಂಡಿನ ತೇವಕ್ಕೆ ಮೊಗ್ಗು ಬಾಡದೆ ನಿಂತವು.

ಸಂಜೆ ಬಂದ ಗಂಗಾಧರ ಇದನ್ನೆಲ್ಲ ನೋಡಿದ. ಕುಣಿಕೆ ಎಳೆದಾಗೆಲ್ಲ ದುಂಡಗಿನ ದಿಂಡು ಉರುಳುತ್ತಿತ್ತು, ಯಾರಾದರೂ ಒತ್ತಿ ಹಿಡಿಯಬೇಕಿತ್ತು. ಅವನು ಅಳತೆ ತೆಗೆದುಕೊಂಡು ಹೋದ. ಮರುದಿನ ಹಲಗೆಯ ಒಂದು ತಟ್ಟೆ ತಂದ. ನಡುವೆ ದಿಂಡು ಕೂಡುವ ಹಳ್ಳ, ಎರಡೂ ತುದಿಗೆ ನಾರು ಕಟ್ಟಲು ಹಿತ್ತಾಳೆಯ ಮೊಳೆ, ಕೆಳಗೆ ಜಾರದಂತೆ ಗೋಣಿಯ ತುಂಡು.

"ಚಪ್ಪಲಿ ಎಲ್ಲೂ ಹಾಕಿಲ್ಲ. ಬೇಕಾದ್ರ ಮೂಸಿ ನೋಡು" ಎಂದ.

"ಬಾರಲೇ, ಊಟ ಮಾಡು" ಎಂದಳು ಅವ್ವ.

ಆಮೇಲಿನದು ರೂಢಿಯ ಕೆಲಸ. ಮೊದಲ ವಾರ ಕುಣಿಕೆ ಸಡಿಲಾಗಿ ಮಾಲೆ ಎತ್ತಿದರೆ ಹೂ ಉದುರುತ್ತಿದ್ದವು. ಒಂದು ಕುಣಿಕೆ ಬಲಕ್ಕೆ, ಒಂದು ಎಡಕ್ಕೆ ತಿರುವಿದರೆ ನಿಲ್ಲುತ್ತದೆಂದು ಬೆರಳಿಗೆ ತಾನಾಗಿ ತಿಳಿಯಿತು. ಯಾವ ಬೆರಳಿಗೆ ಎಂದು ಈ ಸಲ ಸುಮಲತಾ ಕೇಳಲಿಲ್ಲ. ಮೊದಲು ದಿನಕ್ಕೆ ಮೂವತ್ತು ಮಾರು ಕಟ್ಟುತ್ತಿದ್ದವಳು ಈಗ ಏಳೆಂಟು ಮಾರಿನಷ್ಟು ಕಟ್ಟುತ್ತಿದ್ದಳು. ಅಷ್ಟು ಸಾಕಿತ್ತು.

ಶ್ರಾವಣದ ಮೊದಲ ಸೋಮವಾರ ಐದೂವರೆಗೇ ಗಂಗಾಧರ ಅವ್ವನನ್ನು ಕಟ್ಟೆಯ ಮೇಲೆ ಕೂಡಿಸಿ, ತಟ್ಟೆ, ದಿಂಡು, ಬುಟ್ಟಿ ಇಟ್ಟು ಬಸ್ಸಿಗೆ ಹೋದ. ಮೈಲಮ್ಮ ತಾಟಿನ ಮೇಲಿನ ಕಲ್ಲನ್ನು ಎತ್ತಿ ಪಕ್ಕಕ್ಕಿಟ್ಟಳು. ಬೊಮ್ಮಪ್ಪ ಕಾಯಿಯ ಚೀಲ ಹೊತ್ತು ತಂದು ಕೆಳಗಿಟ್ಟು ನಿಂತಿದ್ದ. ಪಾಲಾಕ್ಷಪ್ಪ ಅಂಗಡಿ ಬಿಟ್ಟು ಎದ್ದು ಬಂದ. ಎಲ್ಲರೂ ನೋಡುತ್ತಿದ್ದಂತೆ ನೀಲಗಂಗಮ್ಮ ಮೊಗ್ಗು ನೆಟ್ಟಳು, ಕುಣಿಕೆ ಹಾಕಿದಳು, ಎಳೆದಳು. ಹೆಚ್ಚು ಹೊತ್ತಾಗಲಿಲ್ಲ, ಕಟ್ಟಿದ್ದು ಗೇಣುದ್ದವಾಯಿತು.

"ಕಟ್ತಾಳಪ್ಪ" ಎಂದ ಪಾಲಾಕ್ಷಪ್ಪ. ಬೊಮ್ಮಪ್ಪ ಚೀಲ ಹೆಗಲಿಗೇರಿಸಲು ಬಾಗಿದ.

ಆಗಲೇ ಗಿರಾಕಿ ಬಂದಳು. ಶಿವಮ್ಮ, ಮೇಷ್ಟರ ಹೆಂಡತಿ, ಇಪ್ಪತ್ತು ವರ್ಷದಿಂದ ಇದೇ ಬುಟ್ಟಿಯಲ್ಲಿ ಕೊಂಡವಳು. "ಬಂದ್ಯಾ ತಾಯಿ! ನಿನ್ನ ಮಾರಿಲ್ಲದ ನಮ್ಮ ಬಸವಣ್ಣಗ ನಾಕು ತಿಂಗಳು ಗಿಡ್ಡ ಮಾಲಿನೇ. ಒಂದು ಮಾರು ಕೊಡು" ಎಂದಳು.

ನೀಲಗಂಗಮ್ಮ ಮನೆಯಲ್ಲಿ ಕಟ್ಟಿ ತಂದಿದ್ದ ಮಾಲೆಯ ತುದಿ ಹಿಡಿದು ಬಲಗೈಯನ್ನು ಚಾಚಿದಳು. ಅದು ಹೋಗುವಷ್ಟು ದೂರ ಹೋಯಿತು. ಎಡಗೈ ಮಡಿಲಲ್ಲೇ ಇತ್ತು.

ಕಟ್ಟುವುದನ್ನು ಮೂರು ಮಂದಿ ಏಳು ವಾರ ಯೋಚಿಸಿದ್ದರು. ಅಳೆಯುವುದನ್ನು ಒಬ್ಬರೂ ಯೋಚಿಸಿರಲಿಲ್ಲ. ಮೆಟ್ಟಿಲು ಮೆಟ್ಟಿಲಾಗಿ ಬರೆದಿದ್ದ ಸುಮಲತಾ ಕೂಡ ಆ ಮೆಟ್ಟಿಲನ್ನು ಬರೆದಿರಲಿಲ್ಲ. ಬೊಮ್ಮಪ್ಪ ಚೀಲವನ್ನು ಮತ್ತೆ ಕೆಳಗಿಟ್ಟ.

"ತಾ ಇಲ್ಲಿ, ನಾ ಅಳದು ಕೊಡ್ತೀನಿ" ಎಂದು ಮೈಲಮ್ಮ ಕೈ ಚಾಚಿದಳು.

ಶಿವಮ್ಮನಿಗೆ ಸಂಕೋಚ. "ಬ್ಯಾಡ ಅಂತಲ್ಲ ಮೈಲವ್ವ, ನಿನ್ನ ಮಾರು ಗಿಡ್ಡಲ್ಲ ಮತ್ತ..."

"ಟೇಪು ತರ್ಲೇನು?" ಎಂದ ಪಾಲಾಕ್ಷಪ್ಪ.

"ಬಟ್ಟಿ ಅಂಗಡಿ ಏನಿದು?" ಎಂದಳು ನೀಲಗಂಗಮ್ಮ. ಆಕೆಯ ಕಣ್ಣು ಮಡಿಲ ಮೇಲಿತ್ತು. ಬಲಗೈಯಿಂದ ಎಡಗೈಯ ಮಣಿಕಟ್ಟು ಹಿಡಿದು ಎತ್ತಿದಳು. ನಾಲ್ಕು ತಿಂಗಳಲ್ಲಿ ಆ ಕೈ ಸೊರಗಿತ್ತು, ಉದ್ದವೇನೂ ಕಡಿಮೆಯಾಗಿರಲಿಲ್ಲ. ಅದನ್ನು ತೊಳೆದ ತಟ್ಟೆಯ ಅಂಚಿನ ಮೇಲೆ ಅಂಗೈ ಕೆಳಗಾಗಿ ಇಟ್ಟು, ಮಡಚಿಕೊಂಡಿದ್ದ ಬೆರಳುಗಳನ್ನು ಒಂದೊಂದಾಗಿ ನೇರ ಮಾಡಿದಳು. ಮೊಣಕೈಯಿಂದ ನಡುಬೆರಳ ತುದಿಗೆ ಒಂದು ಮೊಳ. ನಾಲ್ಕು ಮೊಳಕ್ಕೆ ಒಂದು ಮಾರು. ಇದು ಲೋಕಕ್ಕೆಲ್ಲ ಗೊತ್ತಿರುವ ಲೆಕ್ಕ.

"ಎಡಗೈ ಮ್ಯಾಲೆ ದೇವರ ಹೂ ಇಡ್ತಿ ಏನವ್ವ?" ಎಂದ ಪಾಲಾಕ್ಷಪ್ಪ. ಜಗಳಕ್ಕಲ್ಲ, ಕೇಳಬೇಕಾದದ್ದನ್ನು ಕೇಳಿದ.

"ಇಷ್ಟು ವರ್ಷ ಎರಡೂ ಕೈಲಿ ಕಟ್ಟಿದ್ನಲ್ಲ ಅಪ್ಪಾರ, ಎಡಗೈ ಕಟ್ಟಿದ್ದು ಬ್ಯಾಡ ಅಂತ ಬಸವಣ್ಣ ಒಂದಿನ ವಾಪಸ್ ಕಳಿಸಿದ್ನ?"

ಪಾಲಾಕ್ಷಪ್ಪ ಶಿವಮ್ಮನ ಮುಖ ನೋಡಿದ. ಶಿವಮ್ಮ, "ಅಳಿಯವ್ವ ತಾಯಿ, ಮಂಗಳಾರತಿ ಹೊತ್ತಾತು" ಎಂದಳು.

ಮಾಲೆಯ ಒಂದು ತುದಿಯನ್ನು ಮೊಣಕೈ ಹತ್ತಿರ ಇಟ್ಟು ಇನ್ನೊಂದನ್ನು ಎಳೆದರೆ ಮೊದಲಿನದು ಜಾರಿಬಂತು. ಎರಡನೆಯ ಸಲವೂ ಜಾರಿತು. ಹಿಡಿಯಲು ಕೈ ಸಾಲದಿದ್ದರೆ ಏನು ಮಾಡಬೇಕೆಂದು ಈಗ ಆಕೆಗೆ ಗೊತ್ತಿತ್ತು. ಸುತ್ತ ನೋಡಿದಳು. ಮೈಲಮ್ಮ ತಾಟಿನ ಮೇಲಿಂದ ಎತ್ತಿಟ್ಟಿದ್ದ ಹೊಳೆಗಲ್ಲು ಪಕ್ಕದಲ್ಲೇ ಇತ್ತು. ಹೂವಿಗೆ ಚಿಮುಕಿಸಲು ಇಟ್ಟಿದ್ದ ನೀರಿನಲ್ಲಿ ಅದನ್ನು ಅದ್ದಿ, ಸೆರಗಿಗೆ 
ಒರೆಸಿ, ಮಾಲೆಯ ತುದಿಯ ನಾರಿನ ಮೇಲೆ ಇಟ್ಟಳು. ಎಳೆದಳು. ಮಾಲೆ ಕೈಯುದ್ದಕ್ಕೂ ಬಿಗಿಯಾಗಿ ಮಲಗಿತು.

"ಒಂದು" ಎಂದಳು. ಕಲ್ಲನ್ನು ಸರಿಸಿ ಮತ್ತೆ ಎಳೆದಳು. "ಎರಡು."

ಮೂರು, ನಾಲ್ಕು ಆದ ಮೇಲೆ ಎಂದಿನಂತೆ ಎರಡು ಬೆರಳು ಹೆಚ್ಚು ಬಿಟ್ಟು ನಾರು ಹರಿದಳು. ಶಿವಮ್ಮ ಮಾಲೆಯನ್ನು ಎಲೆಗೆ ಸುತ್ತಿಸಿಕೊಂಡು ಗುಡಿಯ ಮೆಟ್ಟಿಲು ಹತ್ತಿದಳು. ಬೊಮ್ಮಪ್ಪ ಚೀಲ ಹೊತ್ತುಕೊಂಡು ಕಟ್ಟೆಯ ಆ ತುದಿಗೆ ನಡೆದ.

"ನನ್ನ ಕಲ್ಲು ಕೊಡು, ಇನ್ಯಾಕ ನಿನಗ?" ಎಂದಳು ಮೈಲಮ್ಮ.

"ಸಂಜಿಗಿ ಕೊಡ್ತೀನಿ ಸುಮ್ನಿರು" ಎಂದಳು ನೀಲಗಂಗಮ್ಮ. ಎಡಗೈಯನ್ನು ತಟ್ಟೆಯ ಮೇಲೇ ಬಿಟ್ಟು, ಬಲಗೈಯಿಂದ ಮುಂದಿನ ಜೋಡಿ ಮೊಗ್ಗನ್ನು ದಿಂಡಿಗೆ ಊರಿದಳು. ಕಲ್ಲು ಆ ಸಂಜೆ ಮೈಲಮ್ಮನಿಗೆ ಹೋಗಲಿಲ್ಲ. ಆಮೇಲೂ ಹೋಗಲಿಲ್ಲ.